ಅಣ್ಣನ ಮೇಲೆ ಶತ್ರುಸಂಹಾರ ಹೋಮವೇ?

ಪ್ರಶ್ನೆ: ನಮ್ಮದು ಕೆಳಗಿನ ಮನೆ, ಅಣ್ಣನದು ಮೇಲಿನ ಮನೆ. ತಂದೆಯವರು ಹೋದ ಮೇಲೆ ಪಾಲಾಯಿತು. ಆದರೂ ನೀರಿನ ಮೋಟಾರು, ಗಾಡಿ ನಿಲ್ಲಿಸುವ ಜಾಗ ಅಂತ ಅಣ್ಣ ದಿನಾ ಜಗಳ ತೆಗೆಯುತ್ತಾನೆ. ನಾನು ಮಾತು ಬಿಟ್ಟು, ಪೂಜೆ ಮಾಡಿಕೊಂಡು ಸುಮ್ಮನಿದ್ದೇನೆ. ಶತ್ರುಸಂಹಾರ ಹೋಮ ಮಾಡಿಸಿ ಅಂತ ಪರಿಚಿತರು ಹೇಳುತ್ತಾರೆ. ಮಾಡಿಸಬಹುದೇ? ಮುಂದಿನ ತಿಂಗಳು ತಂದೆಯವರ ಶ್ರಾದ್ಧ, ಬೇರೆ ಮಾಡಬಹುದೇ?
– ಓದುಗರೊಬ್ಬರು, ಬೆಂಗಳೂರು

ಉತ್ತರ: ಆ ಹೋಮ ಬೇಡ. ಸಂಕಲ್ಪದಲ್ಲಿ ನೀವು ಹೇಳುವ ಗೋತ್ರವೇ ಅಣ್ಣನದೂ. ಶ್ರಾದ್ಧದಲ್ಲಿ ನೀವು ಹೇಳುವ ತಂದೆ, ತಾತ, ಮುತ್ತಾತಂದಿರ ಹೆಸರನ್ನೇ ಅವರೂ ಹೇಳುವುದು. ಅಂಥವರನ್ನು ಅಗ್ನಿಯ ಮುಂದೆ ಶತ್ರು ಅನ್ನುವುದು ಹೇಗೆ? ಜ್ಯೋತಿಷದಲ್ಲಿ ಕುಜ ಸಹೋದರಕಾರಕ, ಭೂಮಿಕಾರಕನೂ ಅವನೇ. ಅಣ್ಣತಮ್ಮಂದಿರ ಜಗಳ ಜಾಗಕ್ಕಾಗಿಯೇ ಬರುವುದು ಹೊಸದಲ್ಲ.

ತೈತ್ತಿರೀಯ ಉಪನಿಷತ್ತಿನಲ್ಲಿ ಗುರುಶಿಷ್ಯರು ಸೇರಿ ಹೇಳುವ ಶಾಂತಿಮಂತ್ರವಿದೆ. ತಮ್ಮಲ್ಲಿ ದ್ವೇಷ ಹುಟ್ಟದಿರಲಿ ಅಂತ ಅದರ ಕೊನೆಯ ಬೇಡಿಕೆ. ಪಾಠಶಾಲೆಯಲ್ಲಿದ್ದಾಗ, ಕಲಿಸುವವರಿಗೂ ಕಲಿಯುವವರಿಗೂ ದ್ವೇಷ ಎಲ್ಲಿಂದ ಬಂತು ಅಂತ ನಾನು ಕೇಳಿದ್ದೆ. "ಒಂದೇ ಸೂರಿನಡಿ ಇರುವವರಿಗೇ ಅಲ್ಲವೇನೋ ಅದು ಬೇಕಾಗುವುದು!" ಅಂದರು ಗುರುಗಳು. ಅಲ್ಲಿನ ಕ್ರಿಯಾಪದ ದ್ವಿವಚನ ನೋಡಿ. ಎದುರಿನವರ ಮನಸ್ಸಷ್ಟೇ ತಿಳಿಯಾಗಲಿ ಅಂತಲ್ಲ, ಇಬ್ಬರದೂ ಆಗಲಿ ಅಂತ. ನೀವು ಸುಮ್ಮನಿದ್ದೇನೆ ಅಂತೀರಿ. ಮಾತು ಬಿಟ್ಟು ಒಳಗೇ ಕುದಿಯುತ್ತಿದ್ದರೆ ಅದು ಶಾಂತಿಯಲ್ಲ.

ಒಂದು ಮಂಡಲ, ಅಂದರೆ 48 ದಿನ, ಸಂಜೆ ದೀಪ ಹಚ್ಚಿ ಅಣ್ಣನನ್ನು ನೆನೆದು ಆ ಮಂತ್ರ ಹೇಳಿ. ಬಾರದಿದ್ದರೆ ನಿಮ್ಮ ಪುರೋಹಿತರಿಂದ ಸ್ವರ ಸಮೇತ ಕಲಿಯಿರಿ. ಕೊನೆಗೆ ಮೂರು ಸಲ 'ಶಾಂತಿಃ' ಅನ್ನುವುದು ನಮ್ಮೊಳಗಿನಿಂದ, ಇತರ ಜೀವಿಗಳಿಂದ, ದೈವದಿಂದ ಬರುವ ಮೂರು ಬಗೆಯ ತಾಪ ಅಡಗಲಿ ಅಂತ.

ಹಾಗಂತ ಹಕ್ಕು ಬಿಟ್ಟುಕೊಡಿ ಅಂತ ನಾನು ಹೇಳುತ್ತಿಲ್ಲ. ಮೋಟಾರು, ಜಾಗದ ವಿಷಯ ಹಿರಿಯರ ಮುಂದೆ ಕೂತು ಕಾಗದದಲ್ಲಿ ಬರೆದುಕೊಳ್ಳಿ. ಆಗದಿದ್ದರೆ ವಕೀಲರಿದ್ದಾರೆ. ಅದಕ್ಕೆ ಹೋಮಕುಂಡ ಬೇಡ.

ಇನ್ನು ಶ್ರಾದ್ಧ. ಪಾಲಾದ ಅಣ್ಣತಮ್ಮಂದಿರು ಬೇರೆ ಬೇರೆ ಮಾಡುವ ಕ್ರಮವೇ ಇದೆ, ದೋಷವಿಲ್ಲ. ಆದರೆ ಶ್ರಾದ್ಧ ಮಾಡುವವನಿಗೆ ಶೌಚ, ಕೋಪವಿಲ್ಲದ ಮನಸ್ಸು, ಆತುರವಿಲ್ಲದ ನಡೆ ಈ ಮೂರೂ ಬೇಕು ಅನ್ನುತ್ತದೆ ಮನುಸ್ಮೃತಿ. ಮಡಿ ಉಟ್ಟರೆ ಒಂದು ಮಾತ್ರ ಆಯಿತು. ಆದ್ದರಿಂದ ತಿಥಿಗೆ ಮುಂಚೆ ನೀವೇ ಮೆಟ್ಟಿಲು ಹತ್ತಿ ಹೋಗಿ, "ಅಣ್ಣಾ, ಈ ಸಲ ಹೇಗೆ ಮಾಡೋಣ?" ಅಂತ ಕೇಳಿ. ಅವರು ಏನೇ ಅನ್ನಲಿ, ತಿರುಗಿ ಮಾತಾಡದೆ ಇಳಿದು ಬನ್ನಿ. ನಿಮ್ಮ ಶ್ರಾದ್ಧ ಅಲ್ಲಿಂದಲೇ ಶುರುವಾಗುತ್ತದೆ.