ಹಾಳೆಯ ಎರಡನೇ ಮಗ್ಗಲು

ಇಂಕ್ ಪೆನ್ನಿನಲ್ಲಿ ಬರೆಯುವವರಿಗೆ ನೋಟ್‌ಬುಕ್ಕಿನ ನಿಜವಾದ ಬೆಲೆ ಇರುವುದು ರಟ್ಟಿನ ಮೇಲಲ್ಲ, ಹಾಳೆಯ ಹಿಂದಿನ ಮಗ್ಗಲಲ್ಲಿ. ಮುಂದೆ ಬರೆದದ್ದು ಹಿಂದಕ್ಕೆ ಇಳಿದರೆ ಆ ಮಗ್ಗಲು ಹೋದಂತೆಯೇ. 60 ರೂಪಾಯಿಗೆ 200 ಪುಟದ ಲಾಂಗ್‌ಬುಕ್ ಎಂದರೆ ಪುಟಕ್ಕೆ 30 ಪೈಸೆ. ಒಂದೇ ಮಗ್ಗಲಲ್ಲಿ ಬರೆಯುವಂತಿದ್ದರೆ ಅದೇ 60 ಪೈಸೆ ಆಯಿತು. ಅದರ ಪಕ್ಕದಲ್ಲೇ ಇರುವ, ಅಷ್ಟೇ ಪುಟದ 90 ರೂಪಾಯಿಯ ಪುಸ್ತಕ ಎರಡೂ ಮಗ್ಗಲು ಮಸಿ ತಡೆದರೆ ಪುಟಕ್ಕೆ 45 ಪೈಸೆ. ಕಡಿಮೆ ಬೆಲೆಯದೇ ತುಟ್ಟಿ.

ಸಂಡೂರಿನ ನಮ್ಮ ಮನೆಯಲ್ಲಿ ಹಾಲು, ಕಿರಾಣಿ, ಗ್ಯಾಸು, ಚೀಟಿಯ ಕಂತು ಎಲ್ಲವನ್ನೂ ನಾನು ಇಂಕ್ ಪೆನ್ನಿನಲ್ಲೇ ಬರೆದಿಡುತ್ತೇನೆ. ಕೈಯಿಂದ ಬರೆದ ಖರ್ಚು ಮನಸ್ಸಿನಲ್ಲಿ ನಿಲ್ಲುತ್ತದೆ. ಮೊಬೈಲಿನಲ್ಲಿ ಒತ್ತಿದ್ದು ನಿಲ್ಲುವುದಿಲ್ಲ. ಹಾಗಾಗಿ ಕಾಗದದ ಆಯ್ಕೆ ನನಗೆ ಶೋಕಿಯ ಮಾತಲ್ಲ. ಮಸಿ ಹರಡುವ ಹಾಳೆಯಲ್ಲಿ 6 ಮತ್ತು 8 ಒಂದೇ ಆಗುತ್ತವೆ. ಕನ್ನಡ ಅಕ್ಷರಗಳಿಗಂತೂ ಇನ್ನೂ ಕಷ್ಟ: ಧಕಾರದ ಸೀಳು ತುಂಬಿಕೊಂಡು ದಕಾರವಾಗುತ್ತದೆ, ಒತ್ತಕ್ಷರಗಳು ಮುದ್ದೆಯಾಗುತ್ತವೆ.

ಅಂಗಡಿಯಲ್ಲಿ ‘ಇಂಕ್ ಪೆನ್ನಿಗೆ ಆಗುತ್ತೇನಣ್ಣ?’ ಎಂದು ಕೇಳಿದರೆ ‘ಹಾಳೆ ದಪ್ಪ ಐತೆ ಸಾರ್, ಏನೂ ಆಗಲ್ಲ’ ಎಂಬ ಉತ್ತರ ಬರುತ್ತದೆ. ದಪ್ಪಕ್ಕೂ ಮಸಿ ತಡೆಯುವುದಕ್ಕೂ ನೇರ ಸಂಬಂಧವಿಲ್ಲ. ಜಿಎಸ್‌ಎಂ ಎಂಬುದು ಒಂದು ಚದರ ಮೀಟರ್ ಕಾಗದದ ತೂಕ, ಅಷ್ಟೇ. 80 ಜಿಎಸ್‌ಎಂನ ಒಂದು ಎ4 ಹಾಳೆ 5 ಗ್ರಾಂ, 500 ಹಾಳೆಯ ರೀಮು ಎರಡೂವರೆ ಕಿಲೊ. ಹಾಳೆ ಮಸಿಯನ್ನು ಹೀರುತ್ತದೆಯೋ ತಡೆಯುತ್ತದೆಯೋ ಎಂಬುದನ್ನು ಈ ಅಂಕಿ ಹೇಳುವುದಿಲ್ಲ. ಜಪಾನಿನ ಹೆಸರಾಂತ ಟೊಮೊಯೆ ರಿವರ್ ಕಾಗದ ಬರೀ 52 ಜಿಎಸ್‌ಎಂನಲ್ಲೂ ಸಿಗುತ್ತದೆ. ಆಚೆಯ ಅಕ್ಷರ ಈಚೆಗೆ ನೆರಳಿನಂತೆ ಕಾಣುವಷ್ಟು ತೆಳು, ಆದರೂ ಮಸಿ ಇಳಿಯುವುದಿಲ್ಲ.

ಗುಟ್ಟಿರುವುದು ಅಂಟಿನಲ್ಲಿ. ಕಾಗದದ ನಾರು ತಾನಾಗಿ ನೀರು ಕುಡಿಯುವಂಥದ್ದು. ಅದನ್ನು ತಡೆಯಲು ಗಿರಣಿಯವರು ತಿರುಳಿಗೆ ಅಂಟು ಬೆರೆಸುತ್ತಾರೆ, ಮೇಲ್ಮೈಗೆ ಗಂಜಿ ಬಳಿಯುತ್ತಾರೆ. ಇದಕ್ಕೆ ಸೈಜಿಂಗ್ ಎಂದು ಹೆಸರು. ಅದಿಲ್ಲದೆ ಬಿಟ್ಟ ಕಾಗದವೇ ಬ್ಲಾಟಿಂಗ್ ಪೇಪರು. ನಮ್ಮ ಹಿರಿಯರಿಗೆ ಇದು ಚೆನ್ನಾಗಿ ಗೊತ್ತಿತ್ತು. ಕನ್ನಡ ನಾಡಿನಲ್ಲಿ ಲೆಕ್ಕಪತ್ರ ಬರೆಯುತ್ತಿದ್ದ ಕಡತ ಎಂದರೆ ಬಟ್ಟೆಗೆ ಹುಣಸೆಬೀಜದ ಅಂಟು ಮತ್ತು ಇದ್ದಿಲ ಪುಡಿ ಬಳಿದು, ಒಣಗಿಸಿ, ಮಡಿಕೆ ಮಡಿಕೆಯಾಗಿ ಮಡಚಿದ್ದು. ಅದರ ಮೇಲೆ ಬಳಪದಿಂದ ಬರೆಯುತ್ತಿದ್ದರು. ಶೃಂಗೇರಿ ಮಠದ ಕಡತಗಳನ್ನು ಇತಿಹಾಸಕಾರರು ಇವತ್ತಿಗೂ ಆಕರವಾಗಿ ಓದುತ್ತಾರೆ. ಅಂಟು ಸರಿಯಾಗಿ ಕೂತ ಮೇಲೆ ಬಟ್ಟೆಯೂ ಲೆಕ್ಕದ ಪುಸ್ತಕವಾಯಿತು.

ನಮ್ಮಲ್ಲಿ ನೋಟ್‌ಬುಕ್ಕಿಗೆ ಸಾಮಾನ್ಯವಾಗಿ ಬಳಸುವುದು ಎರಡು ಬಗೆಯ ಕಾಗದ: ಕ್ರೀಮ್‌ವೋವ್ ಮತ್ತು ಮ್ಯಾಪ್‌ಲಿಥೊ. ಕ್ರೀಮ್‌ವೋವ್ ಅಗ್ಗ, ಸ್ವಲ್ಪ ಒರಟು, ಬಾಲ್‌ಪೆನ್ನಿಗೆ ಧಾರಾಳ ಸಾಕು. ಮ್ಯಾಪ್‌ಲಿಥೊದ ಮೇಲ್ಮೈಗೆ ಗಂಜಿ ಕೊಟ್ಟಿರುವುದರಿಂದ ನಿಬ್ಬು ಜಾರುತ್ತದೆ, ಗೆರೆ ಗೆರೆಯಾಗಿಯೇ ಉಳಿಯುತ್ತದೆ. ದಾಂಡೇಲಿಯ ವೆಸ್ಟ್ ಕೋಸ್ಟ್ ಗಿರಣಿಯಲ್ಲೂ ಇದು ತಯಾರಾಗುತ್ತದೆ. ನಾನು ಅಂಗಡಿಯಲ್ಲಿ ಈಗ ಕೇಳುವುದು ಇದೊಂದನ್ನೇ. ಹಾಗೆಂದು ಅತಿಯಾಗಿ ನುಣುಪಾದ ಕಾಗದವೂ ಲೆಕ್ಕಕ್ಕೆ ಒಳ್ಳೆಯದಲ್ಲ. ಅದರ ಮೇಲೆ ಮಸಿ ಬೇಗ ಒಣಗುವುದಿಲ್ಲ. ಬರೆದ ಕೂಡಲೇ ಪುಸ್ತಕ ಮುಚ್ಚಿದರೆ ಎದುರು ಪುಟ ಹಾಳು.

ಸಂಡೂರಿನವರಿಗೆ ಇನ್ನೆರಡು ಮಾತು. ಮಳೆಗಾಲದಲ್ಲಿ ಗುಡ್ಡಗಳ ಮೇಲೆ ಮೋಡ ಕೂತಾಗ ಹೊರಗಿಟ್ಟ ಹಾಳೆ ತೇವ ಹೀರಿಕೊಳ್ಳುತ್ತದೆ. ಬೇಸಿಗೆಯಲ್ಲಿ ಚೆನ್ನಾಗಿದ್ದ ಪುಸ್ತಕದಲ್ಲೇ ಆಗ ಮಸಿ ಹರಡತೊಡಗುತ್ತದೆ. ಬೇಸಿಗೆಯಲ್ಲೋ, ಅದಿರಿನ ಕೆಂಪು ದೂಳು ತೆರೆದ ಪುಟದ ಮೇಲೆ ಕೂತು ನಿಬ್ಬಿನ ಸೀಳಿಗೆ ಸೇರುತ್ತದೆ. ಎರಡಕ್ಕೂ ಮದ್ದು ಒಂದೇ: ಪುಸ್ತಕವನ್ನು ಪ್ಲಾಸ್ಟಿಕ್ ಚೀಲದಲ್ಲಿ ಸುತ್ತಿ ಬೀರುವಿನಲ್ಲಿಡಿ. ವರ್ಷಕ್ಕಾಗುವಷ್ಟು ನೋಟ್‌ಬುಕ್ ಒಟ್ಟಿಗೆ ತಂದು ಅಟ್ಟದ ಮೇಲೆ ಬಿಸಾಕುವವರ ಉಳಿತಾಯ ತೇವದಲ್ಲೇ ಕರಗುತ್ತದೆ.

ತೆರಿಗೆಯ ಲೆಕ್ಕವೂ ಇದೆ. 2025ರ ಸೆಪ್ಟೆಂಬರ್ 22ರಿಂದ ನೋಟ್‌ಬುಕ್ಕಿನ ಮೇಲಿದ್ದ ಶೇ 12ರ ಜಿಎಸ್‌ಟಿ ಸೊನ್ನೆಗೆ ಇಳಿಯಿತು. ಡೈರಿ, ರಿಜಿಸ್ಟರುಗಳಿಗೆ ಶೇ 18 ಹಾಗೆಯೇ ಇದೆ. ಹೊಸ ವರ್ಷಕ್ಕೆ ತಾರೀಖು ಅಚ್ಚಾದ ಡೈರಿಯೇ ಬೇಕೆಂದಿಲ್ಲದಿದ್ದರೆ ಒಳ್ಳೆಯ ನೋಟ್‌ಬುಕ್ಕಿನಲ್ಲಿ ತಾರೀಖನ್ನು ನಾವೇ ಬರೆದುಕೊಂಡರಾಯಿತು. ಬೆಲೆ ಹೋಲಿಸುವಾಗ ಹಿಂದಿನ ರಟ್ಟನ್ನು ತಪ್ಪದೆ ಓದಿ: ಪುಟಗಳ ಎಣಿಕೆಯಲ್ಲಿ ರಟ್ಟನ್ನೂ ಸೇರಿಸಿರುವುದುಂಟು, ಒಂದೇ ಬೆಲೆಗೆ ಪುಸ್ತಕದ ಅಳತೆ ಚಿಕ್ಕದಾಗಿರುವುದೂ ಉಂಟು.

ಇಷ್ಟೆಲ್ಲ ನೋಡಿಯೂ ಮನೆಯಲ್ಲಿರುವ ಪುಸ್ತಕದಲ್ಲಿ ಮಸಿ ಇಳಿಯುತ್ತಿದ್ದರೆ ಅದನ್ನು ಎಸೆಯಬೇಡಿ. ಸಣ್ಣ ನಿಬ್ಬಿನ ಪೆನ್ನು ಕಡಿಮೆ ಮಸಿ ಬಿಡುತ್ತದೆ. ಅರ್ಧಕ್ಕರ್ಧ ತೊಂದರೆ ಅಲ್ಲಿಗೇ ಮುಗಿಯುತ್ತದೆ. ಆಮದಾದ ದುಬಾರಿ ಜರ್ನಲ್ಲು ಪ್ರೀತಿಯಿಂದ ಯಾರಿಗಾದರೂ ಉಡುಗೊರೆ ಕೊಡಲು ಚೆಂದ. ಮನೆಯ ಲೆಕ್ಕಕ್ಕೆ ಅದರ ಅಗತ್ಯ ನನಗೆ ಕಂಡಿಲ್ಲ.

ಶಾಲೆ ಶುರುವಾಗುವ ಜೂನ್ ಹೊತ್ತಿಗೆ ಅಂಗಡಿಗಳಲ್ಲಿ ಡಜನ್ ಲೆಕ್ಕದಲ್ಲಿ ರಿಯಾಯಿತಿ ಇರುತ್ತದೆ. ಡಜನ್ ಕೊಳ್ಳುವ ಮೊದಲು ಒಂದೇ ಒಂದು ಪುಸ್ತಕ ಕೊಳ್ಳಿ. ನಿಮ್ಮದೇ ಪೆನ್ನು, ನಿಮ್ಮದೇ ಶಾಯಿಯಲ್ಲಿ ಕೊನೆಯ ಹಾಳೆಯಲ್ಲಿ ನಾಲ್ಕು ಸಾಲು ಬರೆಯಿರಿ, ಒಂದೇ ಕಡೆ ಎರಡು ಮೂರು ಸಲ ಗೆರೆ ಎಳೆಯಿರಿ, ಒಣಗಿದ ಮೇಲೆ ಹಾಳೆ ತಿರುವಿ ನೋಡಿ. ಹಿಂದಿನ ಮಗ್ಗಲು ಬೆಳ್ಳಗಿದ್ದರೆ ಉಳಿದ ಹನ್ನೊಂದನ್ನೂ ಅದೇ ದಿನ, ಅದೇ ಅಂಗಡಿಯಲ್ಲಿ ತೆಗೆದುಕೊಳ್ಳಿ. ಮುಂದಿನ ಸರಕಿನಲ್ಲಿ ಅದೇ ಕಾಗದ ಬರುತ್ತದೆಂಬ ಖಾತರಿ ಇಲ್ಲ.