ಮೂರು ಮಿಲಿಮೀಟರಿನ ಪಾಠ: ಜೇನುಪೆಟ್ಟಿಗೆಯ ಕಿರಿದಾದ ಚೌಕಟ್ಟು

ತರಗತಿ: 8
ವಿಷಯ: ಗಣಿತ ಮತ್ತು ವಿಜ್ಞಾನ
ಅವಧಿ: 40 ನಿಮಿಷ

ಕಲಬುರಗಿ ನಗರದ ನಮ್ಮ ಕಾಲೇಜಿನಿಂದ ಅಭ್ಯಾಸ ಬೋಧನೆಗಾಗಿ ಕಮಲಾಪುರದ ಒಂದು ಪ್ರೌಢಶಾಲೆಗೆ ಹೋದಾಗ ಅಳತೆ ಮತ್ತು ಭಾಗಾಕಾರದ ಪಾಠವನ್ನು ನಾನು ಆರಿಸಿಕೊಂಡೆ. ಕೆಂಪು ಬಾಳೆಗೆ ಹೆಸರಾದ ಈ ಊರಿನ ಸುತ್ತ ತೊಗರಿ ಹೊಲಗಳಿವೆ. ತೊಗರಿ ಹೂವಿಗೆ ಬರುವ ಜೇನುನೊಣ ಮಕ್ಕಳಿಗೆ ಪರಿಚಿತ. ಹೀಗಾಗಿ ಜೇನುಪೆಟ್ಟಿಗೆಯನ್ನೇ ಉದಾಹರಣೆಯಾಗಿ ತೆಗೆದುಕೊಂಡೆ.

ಬೋಧನೋಪಕರಣ

ಒಳ ಅಗಲ 370 ಮಿ.ಮೀ. ಇರುವ ರಟ್ಟಿನ ಪೆಟ್ಟಿಗೆ, 35 ಮತ್ತು 32 ಮಿ.ಮೀ. ಅಗಲದ ರಟ್ಟಿನ ಪಟ್ಟಿಗಳು. ಮೆಲ್ಲಿಫೆರಾ ಜೇನನ್ನು ಸಾಕುವ ಹತ್ತು ಚೌಕಟ್ಟಿನ ಲ್ಯಾಂಗ್‌ಸ್ಟ್ರಾತ್ ಪೆಟ್ಟಿಗೆಯ ಅಗಲ ಸುಮಾರು ಇಷ್ಟೇ. ಅದರ ರೂಢಿಯ ಚೌಕಟ್ಟು 35 ಮಿ.ಮೀ.; ಕೆಲವು ಸಾಕಣೆದಾರರು ಬಳಸುವ ಕಿರಿದಾದದ್ದು 32.

ಬೋಧನೆ

ಮಕ್ಕಳು ಪಟ್ಟಿಗಳನ್ನು ಜೋಡಿಸಿದರು. 35ರವು ಹತ್ತು ಹಿಡಿದು 20 ಮಿ.ಮೀ. ಉಳಿಯಿತು. 32ರವು ಹನ್ನೊಂದು ಹಿಡಿದು 18 ಉಳಿಯಿತು. "ಒಂದು ಹೆಚ್ಚಾತಲ್ರಿ ಸರ್, ಜೇನೂ ಹೆಚ್ಚು ಸಿಗ್ತದ" ಎಂದ ಒಬ್ಬ ಹುಡುಗ. ಲೆಕ್ಕ ಸರಿಯಾಗಿತ್ತು. ತೀರ್ಮಾನವನ್ನು ಪರೀಕ್ಷಿಸಬೇಕಿತ್ತು.

ಎರಿಯ ದಪ್ಪ 24 ಮಿ.ಮೀ. ಎಂದಿಟ್ಟುಕೊಂಡು ಎರಡು ಎರಿಗಳ ನಡುವಿನ ಓಣಿಯನ್ನು ಕಂಡುಹಿಡಿಯಲು ಹೇಳಿದೆ. 11 ಮತ್ತು 8 ಬಂತು. ನೊಣಗಳ ಓಡಾಟಕ್ಕೆ 6ರಿಂದ 9 ಮಿ.ಮೀ. ಸಂದು ಬೇಕೆಂಬುದನ್ನು 1851ರಲ್ಲಿ ಲ್ಯಾಂಗ್‌ಸ್ಟ್ರಾತ್ ಪೆಟ್ಟಿಗೆಯ ರಚನೆಗೆ ಬಳಸಿಕೊಂಡದ್ದನ್ನು ತಿಳಿಸಿದೆ. ಸಂದು ತೀರ ಕಿರಿದಾದರೆ ನೊಣಗಳು ಅಂಟಿನಿಂದ ಮುಚ್ಚುತ್ತವೆ. ತೀರ ಅಗಲವಾದರೆ ಅಲ್ಲಿ ಅಡ್ಡ ಎರಿ ಕಟ್ಟುತ್ತವೆ. ನಮ್ಮ ತುಡುವೆ ಜೇನಿನ ದೇಹ ಚಿಕ್ಕದು, ಅದರ ಎರಿಗಳೂ ಇನ್ನಷ್ಟು ಹತ್ತಿರ. ಅಳತೆ ಬಡಗಿಯದಲ್ಲ, ನೊಣದ್ದು ಎಂದು ಮಕ್ಕಳೇ ಹೇಳಿದರು.

ಆಮೇಲೆ ಜೇನು ಕೋಣೆಯ ವಿಷಯಕ್ಕೆ ಬಂದೆ. ಮರಿಗಳ ಎರಿಗಿಂತ ಜೇನು ತುಂಬಿದ ಎರಿಯನ್ನು ನೊಣಗಳು ದಪ್ಪಗೆ ಕಟ್ಟಬಲ್ಲವು. ಆದ್ದರಿಂದ ಜೇನು ಕೋಣೆಯಲ್ಲಿ ಹತ್ತರ ಜಾಗಕ್ಕೆ ಒಂಬತ್ತೇ ಚೌಕಟ್ಟು ಇಡುವ ರೂಢಿಯೂ ಇದೆ. ಕಿರಿದಾದ ಚೌಕಟ್ಟಿನ ಮಾತು ಮರಿಗಳಿರುವ ಸಂಸಾರ ಕೋಣೆಗೆ ಸೇರಿದ್ದು.

ಉತ್ತರವಿಲ್ಲದ ಪ್ರಶ್ನೆ

ಮರಿಗಳಿರುವ ಜಾಗವನ್ನು ನೊಣಗಳು 34–35 ಡಿಗ್ರಿ ಸೆಲ್ಸಿಯಸ್‌ನಲ್ಲಿ ಕಾಯುತ್ತವೆ. ಓಣಿ ಕಿರಿದಾದರೆ ಕಡಿಮೆ ನೊಣಗಳು ಮರಿಗಳನ್ನು ಬೆಚ್ಚಗಿಡಬಲ್ಲವು ಎಂಬುದು ಚಳಿ ದೇಶದವರ ವಾದ. ನಮ್ಮ ಬೇಸಿಗೆ 40 ಡಿಗ್ರಿ ದಾಟುತ್ತದೆ. ಆಗ ನೊಣಗಳು ನೀರು ತಂದು, ರೆಕ್ಕೆ ಬೀಸಿ ಗೂಡನ್ನು ತಂಪು ಮಾಡುತ್ತವೆ. "ಹಾಗಾದರೆ ಇಲ್ಲಿಗೆ ಯಾವ ಚೌಕಟ್ಟು?" ಎಂದು ಕೇಳಿದೆ.

"ಎರಡೂ ಇಟ್ಟು ನೋಡಬೇಕ್ರಿ" ಎಂದಳು ಒಬ್ಬ ಹುಡುಗಿ. ಏನೇನು ಸಮಾನವಾಗಿರಬೇಕು ಎಂದು ಕೇಳಿದಾಗ ನೆರಳು, ನೀರು, ಮೊದಲಿಗೆ ಇರುವ ನೊಣಗಳ ಸಂಖ್ಯೆ ಎಂದು ತರಗತಿಯೇ ಪಟ್ಟಿ ಮಾಡಿತು. ಮೌಲ್ಯಮಾಪನಕ್ಕೆ ಭಾಗಲಬ್ಧದ ಜೊತೆ ಈ ಪಟ್ಟಿಯನ್ನೂ ತೆಗೆದುಕೊಂಡೆ.

ಸಹಪ್ರಶಿಕ್ಷಣಾರ್ಥಿಗಳಿಗೆ

ಪಾಠಯೋಜನೆಯಲ್ಲಿ ನಿರೀಕ್ಷಿತ ಉತ್ತರದ ಅಂಕಣವನ್ನು ನಾವು ಪೂರ್ತಿ ತುಂಬುತ್ತೇವೆ. ಲೆಕ್ಕ ಮುಗಿದ ಮೇಲೂ ಉಳಿಯುವ ಒಂದು ಪ್ರಶ್ನೆಗಾದರೂ ಆ ಅಂಕಣ ಖಾಲಿಯಿರಲಿ. ಅಲ್ಲಿ ಮಗು ಸೂಚಿಸುವ ಪರೀಕ್ಷೆಯನ್ನು ಬರೆದುಕೊಳ್ಳಿ. ಪಾಠ ವೀಕ್ಷಿಸುವ ಉಪನ್ಯಾಸಕರು ಅದಕ್ಕೂ ಅಂಕವಿಟ್ಟರೆ, ಇಂಥ ಪ್ರಶ್ನೆ ಕೇಳುವ ಧೈರ್ಯ ನಮಗೂ ಬರುತ್ತದೆ.