ದೇಶ ಕಟ್ಟಿದವರ ಆಸೆ ನಮ್ಮೂರಿಗೆ ಬಂದಿದೆಯೇ?



ಕೆಲವು ವರ್ಷಗಳ ಹಿಂದೆ ಒಂದು ಸಂಘದ ಸಭೆಯಲ್ಲಿ ಗ್ರಾಮ ಪಂಚಾಯಿತಿ ಸದಸ್ಯೆಯೊಬ್ಬರು ಸಿಕ್ಕಿದ್ದರು. "ಪಂಚಾಯಿತಿ ಮೀಟಿಂಗಿನಲ್ಲಿ ಏನು ಮಾತಾಡಿದ್ರಿ?" ಎಂದು ಕೇಳಿದೆ. "ನಂಗೇನು ಗೊತ್ತು ಸಿಸ್ಟರ್? ಮೆಂಬರ್ ನಾನೇ, ಮೀಟಿಂಗಿಗೆ ಹೋಗೋದು ನಮ್ಮ ಯಜಮಾನ್ರು" ಅಂದರು. ಎಲ್ಲರೂ ನಕ್ಕರು, ನಾನೂ ನಕ್ಕೆ. ಬಸ್ಸಿನಲ್ಲಿ ವಾಪಸು ಬರುವಾಗ ಮಾತ್ರ ಒಂದೇ ಯೋಚನೆ: ಈ ದೇಶ ಕಟ್ಟಿದವರು ಬಯಸಿದ್ದು ಇದನ್ನೇ?

ಅವರು ಬಯಸಿದ್ದೇನು?

ಸಂವಿಧಾನ ರಚನಾ ಸಭೆ ಸುಮಾರು ಮೂರು ವರ್ಷ ಚರ್ಚಿಸಿ, 1949ರ ನವೆಂಬರ್ 26ರಂದು ಸಂವಿಧಾನವನ್ನು ಅಂಗೀಕರಿಸಿತು. ಆ ಸಭೆಯಲ್ಲಿ 15 ಮಹಿಳೆಯರೂ ಇದ್ದರು. ಅವರಲ್ಲಿ ಕೊಚ್ಚಿ ಕಡೆಯ ದಾಕ್ಷಾಯಿಣಿ ವೇಲಾಯುಧನ್ ಒಬ್ಬರೇ ದಲಿತ ಮಹಿಳೆ. ನ್ಯಾಯ, ಸ್ವಾತಂತ್ರ್ಯ, ಸಮಾನತೆ, ಸಹೋದರತ್ವ ಎಂಬ ಮಾತುಗಳನ್ನು ಪೀಠಿಕೆಯಲ್ಲೇ ಬರೆದರು. 17ನೇ ವಿಧಿಯಲ್ಲಿ ಅಸ್ಪೃಶ್ಯತೆಯನ್ನು ರದ್ದು ಮಾಡಿದರು. ಗಂಡಾಳಿಗೂ ಹೆಣ್ಣಾಳಿಗೂ ಸಮಾನ ಕೆಲಸಕ್ಕೆ ಸಮಾನ ಕೂಲಿ ಸಿಗುವಂತೆ ಸರ್ಕಾರ ನೋಡಿಕೊಳ್ಳಬೇಕೆಂದು 39ನೇ ವಿಧಿಯಲ್ಲಿ ಹೇಳಿದರು. 21 ವರ್ಷ ತುಂಬಿದ ಹೆಣ್ಣು ಗಂಡು ಎಲ್ಲರಿಗೂ ಓಟು ಕೊಟ್ಟರು. ಆಗ ಅಕ್ಷರ ಬಲ್ಲ ಹೆಂಗಸರು ನೂರಕ್ಕೆ ಸುಮಾರು 9 ಮಂದಿ ಮಾತ್ರ!

ಹೆಸರು ಹೇಳದ ಹೆಂಗಸರು

1951-52ರ ಮೊದಲ ಚುನಾವಣೆಗೆ ಮತದಾರರ ಪಟ್ಟಿ ಮಾಡುವಾಗ, ಮುಖ್ಯವಾಗಿ ಉತ್ತರ ಭಾರತದಲ್ಲಿ, ಬಹಳ ಹೆಂಗಸರು ತಮ್ಮ ಹೆಸರು ಹೇಳಲಿಲ್ಲ. "ಇಂಥವರ ಹೆಂಡತಿ", "ಇಂಥವನ ತಾಯಿ" ಎಂದಷ್ಟೇ ಬರೆಸಿದರು. ಸ್ವಂತ ಹೆಸರು ಬೇಕೇ ಬೇಕು ಎಂದಿತು ಚುನಾವಣಾ ಆಯೋಗ. ಕೊನೆಗೆ ಸುಮಾರು 28 ಲಕ್ಷ ಮಹಿಳೆಯರನ್ನು ಪಟ್ಟಿಯಿಂದ ಕೈಬಿಡಬೇಕಾಯಿತು. ಕಾನೂನು ಓಟು ಕೊಟ್ಟಿತ್ತು, ಮನೆ ಇನ್ನೂ ಹೆಸರು ಕೊಟ್ಟಿರಲಿಲ್ಲ.

ಈ ಅಪಾಯವನ್ನು ಡಾ. ಅಂಬೇಡ್ಕರ್ 1949ರ ನವೆಂಬರ್ 25ರಂದೇ ಎಚ್ಚರಿಸಿದ್ದರು. ಓಟಿನಲ್ಲಿ ಎಲ್ಲರೂ ಸಮಾನರಾಗಿ, ಸಮಾಜದಲ್ಲಿ ಮತ್ತು ದುಡ್ಡುಕಾಸಿನಲ್ಲಿ ಅಸಮಾನತೆ ಉಳಿದರೆ, ಕಟ್ಟಿದ ಪ್ರಜಾಪ್ರಭುತ್ವವೇ ಕುಸಿದೀತು ಎಂದರು.

ಇಂದು ಎಲ್ಲಿದ್ದೇವೆ?

1993ರಲ್ಲಿ ಜಾರಿಗೆ ಬಂದ 73ನೇ ತಿದ್ದುಪಡಿ ಪಂಚಾಯಿತಿಗಳಲ್ಲಿ ಮೂರನೇ ಒಂದು ಭಾಗ ಸ್ಥಾನ ಮಹಿಳೆಯರಿಗೆ ಮೀಸಲಿಟ್ಟಿತು. ನಮ್ಮ ರಾಜ್ಯದಲ್ಲಿ ಅದು ಅರ್ಧಕ್ಕೇರಿದೆ. ಇದು ಸಣ್ಣ ಮಾತಲ್ಲ. ಆದರೆ 2024ರಲ್ಲಿ ಲೋಕಸಭೆಗೆ ಆರಿಸಿ ಬಂದ 543 ಮಂದಿಯಲ್ಲಿ ಮಹಿಳೆಯರು 74 ಮಾತ್ರ. ಎಷ್ಟೋ ಊರುಗಳಲ್ಲಿ ಒಂದೇ ಹೊಲದ ಕೆಲಸಕ್ಕೆ ಇಂದಿಗೂ ಎರಡು ಕೂಲಿ. ಅಂದು ಪಟ್ಟಿಯಲ್ಲಿ ಹೆಣ್ಣಿನ ಹೆಸರೇ ಇರಲಿಲ್ಲ. ಇಂದು ಹೆಸರಿದೆ, ಆದರೆ ಎಷ್ಟೋ ಕಡೆ ಕುರ್ಚಿಯಲ್ಲಿ ಯಜಮಾನರು ಕೂತಿದ್ದಾರೆ.

ಹಾಗಾದರೆ ಅವರ ಆಸೆ ಸುಳ್ಳಾಯಿತೇ? ಇಲ್ಲ, ಅರ್ಧ ದಾರಿಗೆ ಬಂದು ನಿಂತಿದೆ. ಉಳಿದ ಅರ್ಧವನ್ನು ದಿಲ್ಲಿಯವರು ಮಾತ್ರ ನಡೆಸಲಾರರು. ಉಳಿತಾಯದ ಪುಸ್ತಕದಲ್ಲಿ ನಾವು ಸ್ವಂತ ಹೆಸರು ಬರೆದು ಸಹಿ ಹಾಕಲು ಕಲಿತೆವಲ್ಲ, ಹಾಗೆಯೇ ಗ್ರಾಮಸಭೆಯಲ್ಲಿ ಎದ್ದು ನಿಂತು ಮಾತಾಡುವುದನ್ನೂ ಕಲಿಯೋಣ.

ಸಂಘದಲ್ಲಿ ಚರ್ಚಿಸಿ:

1. ನಮ್ಮೂರಲ್ಲಿ ಗಂಡಾಳು, ಹೆಣ್ಣಾಳಿನ ಕೂಲಿ ಎಷ್ಟೆಷ್ಟು? ವ್ಯತ್ಯಾಸ ಯಾಕೆ?
2. ನೀರು, ದೇವಸ್ಥಾನ, ಹೋಟೆಲು: ಎಲ್ಲರಿಗೂ ಒಂದೇ ರೀತಿ ಪ್ರವೇಶ ಇದೆಯೇ?
3. ಕಳೆದ ಗ್ರಾಮಸಭೆಗೆ ನಮ್ಮಲ್ಲಿ ಎಷ್ಟು ಮಂದಿ ಹೋಗಿದ್ದೆವು? ಎಷ್ಟು ಮಂದಿ ಬಾಯಿ ಬಿಟ್ಟೆವು?

ಮಾಡಬೇಕಾದ ಕೆಲಸ: ಮುಂದಿನ ಗ್ರಾಮಸಭೆಯಲ್ಲಿ ಕೇಳಲು ಒಂದು ಪ್ರಶ್ನೆಯನ್ನು ಸಂಘದ ನಡಾವಳಿ ಪುಸ್ತಕದಲ್ಲಿ ಬರೆಯಿರಿ. ಕೇಳುವವರು ಯಾರೆಂದು ಹೆಸರು ಹಾಕಿ.